ಸೆಟ್ ತುಂಬಿತು ಅಂತ ಆಲ್ಬಮ್ ಮುಚ್ಚಬೇಡಿ: ಕ್ರೀಡಾಕೂಟದ ಸ್ಟಾಂಪ್‌ಗಳ ಬಗ್ಗೆ ಒಂದು ಪತ್ರ

ಸಂಪಾದಕರಿಗೆ ನಮಸ್ಕಾರ.

ಒಲಿಂಪಿಕ್ಸೋ ವರ್ಲ್ಡ್ ಕಪ್ಪೋ ಹತ್ರ ಬಂದಾಗೆಲ್ಲ ಪೇಪರ್‌ಗಳಲ್ಲಿ ಸ್ಟಾಂಪ್ ಬಗ್ಗೆ ಒಂದು ಸಣ್ಣ ಸುದ್ದಿ ಬರತ್ತೆ, ಇಂಥಾ ದೇಶ ಇಷ್ಟು ಸ್ಟಾಂಪ್ ಬಿಡುಗಡೆ ಮಾಡ್ತು, ಇದರಲ್ಲಿ ಓಟಗಾರ ಇದಾನೆ, ಅದರಲ್ಲಿ ಫುಟ್‌ಬಾಲ್ ಇದೆ, ಸಂಗ್ರಹಕಾರರು ಸೆಟ್ ತಗೊಳ್ಳೋಕೆ ಕ್ಯೂ ನಿಂತ್ರು ಅಂತ, ಅಷ್ಟಕ್ಕೇ ಮುಗಿದೋಗತ್ತೆ. ಇಲ್ಲಾಂದ್ರೆ ಯಾವುದೋ ಒಂದು ಸ್ಟಾಂಪ್ ಹರಾಜಲ್ಲಿ ಭಾರಿ ಬೆಲೆಗೆ ಹೋಯ್ತು, ಅದು "ಅಪರೂಪದ್ದು" ಅಂತ ಬರೀತಾರೆ, ಯಾಕೆ ಅಪರೂಪ ಅಂತ ಮಾತ್ರ ಬರಿಯಲ್ಲ. ಈ ಎರಡರ ನಡುವೆ ಇರೋ ವಿಷಯಾನೇ ಈ ಹವ್ಯಾಸದ ಜೀವಾಳ, ಅದನ್ನ ಓದುಗರ ಮುಂದೆ ಇಡಬೇಕು ಅಂತ ಈ ಪತ್ರ ಬರೀತಿದೀನಿ, ಸ್ವಲ್ಪ ಉದ್ದ ಆಗತ್ತೆ, ದಯವಿಟ್ಟು ಜಾಗ ಕೊಡಿ.

ನಾನು ಹೇಳಬೇಕಾಗಿರೋದು ಇಷ್ಟೇ. ಕ್ರೀಡಾಕೂಟದ ಸ್ಟಾಂಪ್ ಅಂದ್ರೆ ಬರೀ ಚಿತ್ರ ಅಲ್ಲ. ಒಂದೇ ಚಿತ್ರ, ಒಂದೇ ಬೆಲೆ, ಒಂದೇ ವರ್ಷದ ಎರಡು ಸ್ಟಾಂಪ್ ಪಕ್ಕಪಕ್ಕ ಇಟ್ಟು ನೋಡಿದ್ರೆ ಎಷ್ಟೋ ಸಲ ಅವೆರಡೂ ಬೇರೆ ಬೇರೆ ಆಗಿರತ್ತೆ. ಪೇಪರ್ ಬೇರೆ, ಸುತ್ತಲ ಅಂಚಿನ ತೂತುಗಳ ಲೆಕ್ಕ ಬೇರೆ, ಮೇಲೆ ಒತ್ತಿರೋ ಅಕ್ಷರ ಬೇರೆ, ಅಚ್ಚಾದ ಊರು ಬೇರೆ. ಇದನ್ನೇ ಸಂಗ್ರಹಕಾರರು ವೆರೈಟಿ ಅನ್ನೋದು. ಈ ವೆರೈಟಿಗಳಲ್ಲೂ ಎರಡು ಜಾತಿ ಇದೆ, ಅಚ್ಚಿನ ಮನೇಲೋ ಅಂಚೆಯ ಕೆಲಸದಲ್ಲೋ ತಾನಾಗೇ ಹುಟ್ಟಿದ್ದು ಒಂದು, ನಮ್ಮಂಥವರ ಜೇಬಿಗೆ ಕೈ ಹಾಕೋಕೆ ಅಂತಾನೇ ತಯಾರು ಮಾಡಿದ್ದು ಇನ್ನೊಂದು. ಮೊದಲನೇದನ್ನ ಹುಡುಕಿ, ಎರಡನೇದಕ್ಕೆ ದುಡ್ಡು ಹಾಕಬೇಡಿ ಅಂತ ಹೊಸದಾಗಿ ಶುರು ಮಾಡೋರಿಗೆ ಯಾರಾದ್ರೂ ಹೇಳಲೇಬೇಕು.

ಉದಾಹರಣೆಗೆ ನನಗೆ ತುಂಬಾ ಇಷ್ಟವಾದ 1966ರ ಫುಟ್‌ಬಾಲ್ ವರ್ಲ್ಡ್ ಕಪ್ ತಗೊಳ್ಳಿ. ಇಂಗ್ಲೆಂಡ್‌ನಲ್ಲಿ ನಡೆದಿದ್ದು. ಬ್ರಿಟಿಷ್ ಅಂಚೆಯವರು 1966ರ ಜೂನ್ 1ಕ್ಕೆ ಮೂರೇ ಮೂರು ಸ್ಟಾಂಪ್ ಬಿಟ್ರು, 4 ಪೆನ್ಸ್, 6 ಪೆನ್ಸ್, 1 ಶಿಲ್ಲಿಂಗ್ 3 ಪೆನ್ಸ್. 4 ಪೆನ್ಸಿಂದು ಡೇವಿಡ್ ಜೆಂಟಲ್‌ಮನ್ ಡಿಸೈನ್, ಇಬ್ಬರು ಆಟಗಾರರು ಚೆಂಡಿಗೆ ಸೆಣೆಸಾಡ್ತಿರೋದು. 6 ಪೆನ್ಸಲ್ಲಿ ಗೋಲ್ ಮುಂದೆ ನೂಕುನುಗ್ಗಲು, ದೊಡ್ಡ ಬೆಲೇದರಲ್ಲಿ ಗೋಲ್‌ಕೀಪರ್ ಚೆಂಡು ತಡೀತಿರೋದು. ಮೂರು ಸ್ಟಾಂಪ್ ಸಿಕ್ತು, ಸೆಟ್ ಆಯ್ತು ಅಂತ ಹೆಚ್ಚಿನೋರು ಅಂದ್ಕೋತಾರೆ. ಆದ್ರೆ ಈ ಮೂರೂ ಎರಡೆರಡು ಥರ ಅಚ್ಚಾಗಿವೆ, ಸಾದಾ ಒಂದು, ಫಾಸ್ಫರ್ ಪಟ್ಟಿ ಇರೋದು ಇನ್ನೊಂದು. ಅಲ್ಲಿಗೆ ಮೂರಿದ್ದಿದ್ದು ಆರಾಯ್ತು.

ಈ ಫಾಸ್ಫರ್ ಪಟ್ಟಿ ಯಾಕೆ ಬಂತು ಅಂದ್ರೆ, ಆಗ ಬ್ರಿಟನ್‌ನಲ್ಲಿ ಕಾಗದಗಳನ್ನ ಮಷಿನ್‌ನಿಂದ ಜೋಡಿಸೋ ಪ್ರಯತ್ನ ನಡೀತಿತ್ತು. ರಾಶಿ ಬಿದ್ದಿರೋ ಲಕೋಟೆಗಳಲ್ಲಿ ಸ್ಟಾಂಪ್ ಯಾವ ಮೂಲೇಲಿದೆ ಅಂತ ಮಷಿನ್‌ಗೆ ಗೊತ್ತಾಗಬೇಕಲ್ಲ, ಅದಕ್ಕೆ ಸ್ಟಾಂಪ್ ಮೇಲೆ ಕಣ್ಣಿಗೆ ಅಷ್ಟಾಗಿ ಕಾಣದ ಪಟ್ಟಿ ಎಳೆದು, ಅಲ್ಟ್ರಾವಯಲೆಟ್ ಬೆಳಕು ಬಿದ್ದಾಗ ಅದು ಹೊಳೆಯೋ ಹಾಗೆ ಮಾಡಿದ್ರು. ಮಷಿನ್ ಆ ಹೊಳಪು ನೋಡಿ ಲಕೋಟೆನ ಸರಿಯಾದ ಕಡೆಗೆ ತಿರುಗಿಸ್ತಿತ್ತು. ಇಂಥಾ ಮಷಿನ್ ಎಲ್ಲಾ ಊರಲ್ಲೂ ಇರಲಿಲ್ಲ, ಹಾಗಾಗಿ ಪಟ್ಟಿ ಇರೋದೂ ಇಲ್ಲದ್ದೂ ಎರಡೂ ಒಟ್ಟಿಗೆ ಚಲಾವಣೇಲಿತ್ತು. ಯಾರಿಗೂ ವೆರೈಟಿ ಮಾರೋ ಉದ್ದೇಶ ಇರಲಿಲ್ಲ, ಅಂಚೆ ಕೆಲಸಕ್ಕೆ ಬೇಕಿತ್ತು, ಮಾಡಿದ್ರು. ನಾನು ಅಸಲಿ ವೆರೈಟಿ ಅನ್ನೋದು ಇಂಥದ್ದನ್ನೇ.

ನೋಡೋದು ಹೇಗೆ ಅಂತ ಕೇಳ್ತೀರಿ. ಲ್ಯಾಂಪ್ ಬೇಕೇ ಬೇಕು ಅಂತೇನಿಲ್ಲ. ಬಳಸದ 4 ಪೆನ್ಸ್ ಸ್ಟಾಂಪನ್ನ ಚಿಮಟದಲ್ಲಿ ಹಿಡಿದು ಕಣ್ಣಿನ ಮಟ್ಟಕ್ಕೆ ತಂದು, ಕಿಟಕಿ ಬೆಳಕಿಗೆ ಮಲಗಿಸಿದ ಹಾಗೆ ಓರೆ ಮಾಡಿ ನಿಧಾನಕ್ಕೆ ತಿರುಗಿಸಿ. ಸಾದಾ ಸ್ಟಾಂಪ್ ಆದ್ರೆ ಮೇಲ್ಮೈ ಎಲ್ಲಾ ಕಡೆ ಒಂದೇ ಥರ ಮಿರುಗತ್ತೆ. ಫಾಸ್ಫರ್ ಆದ್ರೆ ನೆಟ್ಟಗೆ ಮೇಲಿಂದ ಕೆಳಗೆ ಮಂಕಾದ ಪಟ್ಟಿ ಎದ್ದು ಕಾಣತ್ತೆ, ಆಟಗಾರರ ಮೈಮೇಲೂ ಹಾದು ಹೋಗಿರತ್ತೆ, ಒಂದು ಸಲ ಕಣ್ಣಿಗೆ ಸಿಕ್ಕಿದ ಮೇಲೆ ಇಷ್ಟು ದಿನ ಇದು ಹೇಗೆ ಕಾಣಲಿಲ್ಲ ಅನ್ಸತ್ತೆ. ಬಳಸಿದ ಸ್ಟಾಂಪಲ್ಲಿ ಸೀಲಿನ ಮಸಿ ಅಡ್ಡ ಬಂದಿರೋದ್ರಿಂದ ಸ್ವಲ್ಪ ಕಷ್ಟ, ಅಲ್ಲಿ ಸಣ್ಣ ಅಲ್ಟ್ರಾವಯಲೆಟ್ ಲ್ಯಾಂಪ್ ಇದ್ರೆ ಒಳ್ಳೇದು, ಆದ್ರೆ ಆ ಬೆಳಕನ್ನ ನೇರವಾಗಿ ನೋಡಬಾರದು, ಮಕ್ಕಳ ಕೈಗೆ ಕೊಡಲೂಬಾರದು.

1966ರ ಕಥೆ ಇನ್ನೂ ಇದೆ. ಜುಲೈ 30ಕ್ಕೆ ವೆಂಬ್ಲೇಲಿ ಫೈನಲ್, ಇಂಗ್ಲೆಂಡ್ 4, ಪಶ್ಚಿಮ ಜರ್ಮನಿ 2, ಜೆಫ್ ಹರ್ಸ್ಟ್ ಮೂರು ಗೋಲ್. ಗೆದ್ದ ಖುಷೀಲಿ ಅದೇ 4 ಪೆನ್ಸ್ ಡಿಸೈನ್‌ಗೆ "ಇಂಗ್ಲೆಂಡ್ ವಿನ್ನರ್ಸ್" ಅಂತ ಅಕ್ಷರ ಸೇರಿಸಿ ಆಗಸ್ಟ್ 18ಕ್ಕೆ ಹೊಸ ಸ್ಟಾಂಪ್ ಬಿಟ್ರು, ಅಂದ್ರೆ ಫೈನಲ್ ಆಗಿ 19 ದಿನಕ್ಕೆ. ಇದನ್ನ ಮುಖ್ಯವಾಗಿ ಇಂಗ್ಲೆಂಡಿನ ಅಂಚೆ ಕಚೇರಿಗಳಲ್ಲೇ ಮಾರಿದ್ರು, ಜನ ಮುಗಿಬಿದ್ದು ಕೊಂಡ್ರು. ಇದು ಬರೀ ಸಾದಾ ಪೇಪರ್‌ನಲ್ಲಿ ಮಾತ್ರ ಬಂತು, ಫಾಸ್ಫರ್ ಪಟ್ಟಿ ಇರೋ "ವಿನ್ನರ್ಸ್" ಅಂತ ಒಂದು ಇಲ್ಲವೇ ಇಲ್ಲ. ಹಾಗಾಗಿ ಯಾರಾದ್ರೂ ಅಂಥದ್ದು ತಂದು ತೋರಿಸಿದ್ರೆ ನಂಬಬೇಡಿ. ಈಗ ಒಟ್ಟು ಏಳಾಯ್ತು. ಏಳೂ ಸುಲಭವಾಗಿ ಸಿಗೋ ಸ್ಟಾಂಪ್‌ಗಳೇ, ದೊಡ್ಡ ಖರ್ಚಿಲ್ಲ, ಅದಕ್ಕೇ ಹೊಸಬರಿಗೆ ನಾನು ಮೊದಲು ಹೇಳೋದು ಈ ಸೆಟ್ಟೇ.

ಎಂಟನೇದಕ್ಕೆ ಹೋದ್ರೆ ಅಲ್ಲಿಂದ ಮುಂದೆ ಆಟ ಬೇರೆ. ಫೋಟೋಗ್ರಾವೂರ್ ಅಚ್ಚಿನಲ್ಲಿ ಒಂದೊಂದು ಬಣ್ಣಕ್ಕೂ ಒಂದೊಂದು ಸಿಲಿಂಡರ್, ಪೇಪರ್ ಒಂದರ ನಂತರ ಒಂದನ್ನ ದಾಟಿಕೊಂಡು ಹೋಗತ್ತೆ. ಎಲ್ಲೋ ಒಂದು ಕಡೆ ಹಾಳೆ ಮಡಚಿಕೊಂಡ್ರೆ, ಎರಡು ಹಾಳೆ ಅಂಟಿಕೊಂಡು ಒಟ್ಟಿಗೆ ಹೋದ್ರೆ, ಮಸಿ ಸರಿಯಾಗಿ ಹತ್ತದೇ ಇದ್ರೆ, ಒಂದು ಬಣ್ಣ ಬೀಳೋದೇ ಇಲ್ಲ. 1966ರ ಸೆಟ್ಟಲ್ಲಿ 6 ಪೆನ್ಸಿನ ಸ್ಟಾಂಪ್ ಕಪ್ಪು ಬಣ್ಣ ಇಲ್ಲದೆ, ತಿಳಿಹಸಿರು ಇಲ್ಲದೆ, ಕೆಂಪು ಇಲ್ಲದೆ ಸಿಕ್ಕಿದೆ, ದೊಡ್ಡ ಬೆಲೇದು ನೀಲಿ ಇಲ್ಲದೆ ಸಿಕ್ಕಿದೆ, ಇವೆಲ್ಲ ಸ್ಟಾನ್ಲಿ ಗಿಬ್ಬನ್ಸ್ ಅನ್ನೋ ಬ್ರಿಟಿಷ್ ಸ್ಟಾಂಪ್ ಕ್ಯಾಟಲಾಗ್‌ನಲ್ಲಿ ದಾಖಲಾಗಿರೋ ಎರರ್‌ಗಳು, ಅಂದ್ರೆ ಅಚ್ಚಿನ ತಪ್ಪುಗಳು. ನಿಮ್ಮ ಪೇಪರ್‌ನಲ್ಲಿ "ಅಪರೂಪ" ಅಂತ ಬರೋದು ಇಂಥದ್ದು. ಅಪರೂಪ ಯಾಕೆ ಅಂದ್ರೆ ಚಿತ್ರ ಚೆನ್ನಾಗಿದೆ ಅಂತಲ್ಲ, ಹಳೇದು ಅಂತಾನೂ ಅಲ್ಲ, ಅಚ್ಚಿನ ಮನೇಲಿ ತಪಾಸಣೆ ಮಾಡೋರ ಕಣ್ಣು ತಪ್ಪಿಸಿ ಕೆಲವೇ ಹಾಳೆ ಆಚೆ ಬಂತು, ಅದಕ್ಕೆ.

ಇಲ್ಲೇ ಒಂದು ಎಚ್ಚರಿಕೆ. ಬಣ್ಣ ಇಲ್ಲದ ಸ್ಟಾಂಪ್ ತಯಾರು ಮಾಡೋದು ಮೋಸಗಾರರಿಗೆ ಕಷ್ಟದ ಕೆಲಸ ಅಲ್ಲ. ಕೆಮಿಕಲ್ ಹಾಕಿ ಒಂದು ಬಣ್ಣ ತೆಗೀತಾರೆ, ಬಿಸಿಲಿಗಿಟ್ಟು ಮಂಕು ಮಾಡ್ತಾರೆ. ಭೂತಗನ್ನಡಿ ಹಿಡಿದು ನೋಡಿದ್ರೆ ಆ ಬಣ್ಣ ಇರಬೇಕಾದ ಜಾಗದಲ್ಲಿ ಚುಕ್ಕಿ ಚುಕ್ಕಿಯಾಗಿ ಉಳಿದಿರೋದು ಕಾಣಬಹುದು, ಪಕ್ಕದ ಬಣ್ಣಗಳೂ ಸ್ವಲ್ಪ ಕಳೆಗುಂದಿರತ್ತೆ, ಪೇಪರ್‌ನ ಬಿಳುಪೇ ಬೇರೆ ಆಗಿರತ್ತೆ. ಪೂರ್ತಿ ಇಲ್ಲದ್ದಕ್ಕೂ ಸ್ವಲ್ಪ ತೆಳುವಾಗಿ ಬಿದ್ದಿರೋದಕ್ಕೂ ತುಂಬಾ ವ್ಯತ್ಯಾಸ ಇದೆ, ಒಂದು ಚುಕ್ಕಿ ಬಣ್ಣ ಇದ್ರೂ ಅದು "ಇಲ್ಲದ್ದು" ಅಲ್ಲ. ಬೆಲೆ ಜಾಸ್ತಿ ಇರೋ ಯಾವ ಎರರ್ ಆದ್ರೂ ಸರಿ, ಸರ್ಟಿಫಿಕೇಟ್ ಇಲ್ಲದೆ ಕೊಳ್ಳಲೇಬಾರದು. ಲಂಡನ್ನಿನ ರಾಯಲ್ ಫಿಲಾಟೆಲಿಕ್ ಸೊಸೈಟಿಯಂಥಾ ಸಂಸ್ಥೆಗಳಲ್ಲಿ ಇದಕ್ಕಂತಾನೇ ಪರಿಣತರ ಸಮಿತಿ ಇದೆ, ಸ್ಟಾಂಪ್ ಪರೀಕ್ಷೆ ಮಾಡಿ ಫೋಟೋ ಸಮೇತ ಬರೆದು ಕೊಡ್ತಾರೆ. ಮಾರೋರು "ಗ್ಯಾರಂಟಿ ಸಾರ್" ಅಂದ ತಕ್ಷಣ ಅದು ಸರ್ಟಿಫಿಕೇಟ್ ಆಗಲ್ಲ.

ಅಂದ ಹಾಗೆ ಆ ವರ್ಲ್ಡ್ ಕಪ್‌ಗೂ ಸ್ಟಾಂಪ್‌ಗೂ ಇನ್ನೊಂದು ನಂಟಿದೆ, ಬಿಡೋಕೆ ಮನಸ್ಸಾಗ್ತಿಲ್ಲ. ಟೂರ್ನಿಗೆ ಮುಂಚೆ, 1966ರ ಮಾರ್ಚ್ 20ಕ್ಕೆ, ವರ್ಲ್ಡ್ ಕಪ್ ಗೆದ್ದವರಿಗೆ ಕೊಡ್ತಿದ್ದ ಜೂಲ್ಸ್ ರಿಮೆ ಟ್ರೋಫಿ ಕಳವಾಯ್ತಲ್ಲ, ಅದು ಕಳವಾಗಿದ್ದು ಲಂಡನ್‌ನ ವೆಸ್ಟ್‌ಮಿನ್‌ಸ್ಟರ್ ಸೆಂಟ್ರಲ್ ಹಾಲ್‌ನಲ್ಲಿ ನಡೀತಿದ್ದ ಸ್ಟಾಂಪ್ ಪ್ರದರ್ಶನದಿಂದ. ಸುತ್ತಮುತ್ತ ಬೆಲೆಬಾಳೋ ಸ್ಟಾಂಪ್‌ಗಳಿದ್ವು, ಕಳ್ಳರು ಕಪ್ ಎತ್ಕೊಂಡು ಹೋದ್ರು. ಒಂದು ವಾರ ಆದ್ಮೇಲೆ ದಕ್ಷಿಣ ಲಂಡನ್‌ನಲ್ಲಿ ಪಿಕಲ್ಸ್ ಅನ್ನೋ ನಾಯಿ ಅದನ್ನ ಪತ್ತೆ ಹಚ್ಚಿತು.

ಇನ್ನು ಹಿಂದಕ್ಕೆ ಹೋಗೋಣ. ಒಲಿಂಪಿಕ್ಸ್ ಸ್ಟಾಂಪ್ ಶುರುವಾಗಿದ್ದೇ ಮೊದಲ ಆಧುನಿಕ ಒಲಿಂಪಿಕ್ಸ್ ಜೊತೆ, 1896ರ ಅಥೆನ್ಸ್. ಗ್ರೀಸ್ 12 ಸ್ಟಾಂಪ್ ಬಿಡ್ತು, 1 ಲೆಪ್ಟಾದಿಂದ 10 ದ್ರಾಕ್ಮಾವರೆಗೆ (ಲೆಪ್ಟಾ ಅಂದ್ರೆ ದ್ರಾಕ್ಮಾದ ಚಿಲ್ಲರೆ). ಕೆತ್ತಿದವರು ಫ್ರಾನ್ಸಿನ ಯೂಜಿನ್ ಮೂಶೋ, ಅಚ್ಚಾಗಿದ್ದು ಪ್ಯಾರಿಸ್‌ನಲ್ಲಿ. ಮುಷ್ಟಿಯುದ್ಧ ಮಾಡೋರು, ಡಿಸ್ಕಸ್ ಎಸೆಯೋನು, ನಾಲ್ಕು ಕುದುರೆ ರಥ, ಹರ್ಮಿಸ್ ಮೂರ್ತಿ, ಅಕ್ರೊಪೊಲಿಸ್, ಹೆಚ್ಚಿನವು ಹಳೇ ಗ್ರೀಕ್ ಶಿಲ್ಪ ಮತ್ತು ಪಾತ್ರೆಗಳಿಂದ ತಗೊಂಡಿದ್ದು. ಕೂಟ ನಡೆಸೋಕೆ ಗ್ರೀಸ್ ಹತ್ರ ದುಡ್ಡಿರಲಿಲ್ಲ, ಈ ಸ್ಟಾಂಪ್ ಮಾರಾಟದ ಹಣ ಆ ಖರ್ಚಿಗೆ ಆಸರೆ ಆಯ್ತು. ಕೂಟ ಮುಗೀತು, ದೊಡ್ಡ ಬೆಲೆಯ ಸ್ಟಾಂಪ್‌ಗಳು ಮಾತ್ರ ಉಳಿದುಬಿಟ್ವು. ಅವನ್ನ ಬಿಸಾಕೋದು ಯಾಕೆ ಅಂತ ಕೆಲವು ವರ್ಷ ಆದ್ಮೇಲೆ ಅದರ ಮೇಲೆ ಹೊಸ ಬೆಲೆ ಒತ್ತಿದ್ರು, ಜೊತೆಗೆ ಎ ಎಂ ಅಂತ ಎರಡು ಗ್ರೀಕ್ ಅಕ್ಷರ. ಆಗ ಗ್ರೀಸ್‌ನಲ್ಲಿ ನೋಟಿನ ದ್ರಾಕ್ಮಾಗೂ ಚಿನ್ನದ ಲೆಕ್ಕದ ದ್ರಾಕ್ಮಾಗೂ ಬೆಲೆ ಬೇರೆ ಬೇರೆ ಇತ್ತು, ಈ ಅಕ್ಷರ ಇರೋ ಸ್ಟಾಂಪ್ ಚಿನ್ನದ ಲೆಕ್ಕದ್ದು ಅಂತ ಗುರುತು. 1 ದ್ರಾಕ್ಮಾದ ಸ್ಟಾಂಪ್ 5 ಲೆಪ್ಟಾ ಆಯ್ತು, 40 ಲೆಪ್ಟಾದ್ದು 25 ಆಯ್ತು, 10 ದ್ರಾಕ್ಮಾದ್ದು 2 ದ್ರಾಕ್ಮಾ ಆಯ್ತು. ಒಂದು ದೇಶದ ಖಜಾನೆ ಆವಾಗ ಯಾವ ಸ್ಥಿತೀಲಿತ್ತು ಅನ್ನೋದು ಒಂದು ಚಿಟಿಕೆ ಮಸೀಲಿ ಗೊತ್ತಾಗತ್ತೆ. ಬರೀ ಚಿತ್ರ ನೋಡಿ ಪುಟ ತಿರುಗಿಸೋರಿಗೆ ಇದು ಗೊತ್ತಾಗೋದು ಹೇಗೆ?

ಇದೇ ಕೆಲಸ ಬೆಲ್ಜಿಯಂನಲ್ಲೂ ಆಯ್ತು. 1920ರ ಆಂಟ್‌ವರ್ಪ್ ಒಲಿಂಪಿಕ್ಸ್‌ಗೆ ಮೂರು ಸ್ಟಾಂಪ್ ಬಂತು, ಉಳಿದಿದ್ದನ್ನ 1921ರಲ್ಲಿ 20 ಸೆಂಟೀಮ್ ಅಂತ ಮೇಲೆ ಒತ್ತಿ ಮಾರಿದ್ರು. ಹೀಗಾಗಿ ಒಂದೇ ಡಿಸ್ಕಸ್ ಎಸೆಯೋನು ಎರಡು ಬೇರೆ ಬೆಲೆಗೆ ಎರಡು ಕೆಲಸ ಮಾಡಿದಾನೆ.

ಆದ್ರೆ ಹೀಗೆ ಅಚ್ಚಾದ ಸ್ಟಾಂಪ್ ಮೇಲೆ ಮತ್ತೆ ಅಕ್ಷರ ಒತ್ತೋ ಓವರ್‌ಪ್ರಿಂಟ್ ವಿಷಯದಲ್ಲಿ ನನ್ನ ಪ್ರಕಾರ ಎಲ್ಲಕ್ಕಿಂತ ಸೊಗಸಾದದ್ದು 1948ರ ಲಂಡನ್ ಒಲಿಂಪಿಕ್ಸಿಂದು. ಬ್ರಿಟನ್ ಆ ವರ್ಷ ಜುಲೈ 29ಕ್ಕೆ ನಾಲ್ಕು ಸ್ಟಾಂಪ್ ಬಿಡ್ತು, ಎರಡೂವರೆ ಪೆನ್ಸ್, 3 ಪೆನ್ಸ್, 6 ಪೆನ್ಸ್, 1 ಶಿಲ್ಲಿಂಗ್. ಅದೇ ಸ್ಟಾಂಪ್‌ಗಳ ಮೇಲೆ ಬೇರೆ ಬೇರೆ ಕಡೆಯ ಬ್ರಿಟಿಷ್ ಅಂಚೆ ಕಚೇರಿಗಳಿಗೆ ಅಂತ ಹೆಸರು, ಬೆಲೆ ಒತ್ತಿದ್ರು. ಬಹ್ರೇನ್‌ಗೆ ಒಂದು, ಕುವೈತ್‌ಗೆ ಒಂದು, ಮಸ್ಕತ್ ಕಡೆಗೆ ಹೆಸರಿಲ್ಲದೆ ಬರೀ ಬೆಲೆ ಒತ್ತಿದ್ದು ಒಂದು, ಮೊರಾಕ್ಕೊಗೆ ಸ್ಪ್ಯಾನಿಷ್ ಹಣದಲ್ಲಿ ಒಂದು, ಟಾಂಜಿಯರ್‌ಗೆ ಒಂದು. ಆಗ ಕೊಲ್ಲಿ ಕಡೆ ನಡೀತಿದ್ದ ಹಣ ಭಾರತದ ರೂಪಾಯಿ, ಹಾಗಾಗಿ ಲಂಡನ್ ಒಲಿಂಪಿಕ್ಸ್‌ನ ಸ್ಟಾಂಪ್ ಮೇಲೆ, ಆರನೇ ಜಾರ್ಜ್ ದೊರೆಯ ತಲೆಯ ಪಕ್ಕದಲ್ಲಿ, ಎರಡೂವರೆ ಆಣೆ, 3 ಆಣೆ, 6 ಆಣೆ, 1 ರೂಪಾಯಿ ಅಂತ ಇರತ್ತೆ. ಆಣೆ ಲೆಕ್ಕ ಕೇಳಿ ಬೆಳೆದೋರು ಇದನ್ನ ಮೊದಲ ಸಲ ಕೈಯಲ್ಲಿ ಹಿಡಿದಾಗ ಎಷ್ಟು ಖುಷಿ ಪಡ್ತಾರೆ ಗೊತ್ತಾ. ನಾಲ್ಕು ಡಿಸೈನ್, ಅದರಿಂದ ಇಷ್ಟೆಲ್ಲಾ ಊರಿನ ಅಂಚೆಯ ಚರಿತ್ರೆ, ಇದಕ್ಕಿಂತ ಇನ್ನೇನು ಬೇಕು.

ಅದೇ 1948ರ ಸೆಟ್ಟಿನ 3 ಪೆನ್ಸ್‌ನಲ್ಲಿ ಕ್ರೌನ್ ಫ್ಲಾ ಅಂತ ಒಂದು ಹೆಸರುವಾಸಿ ವೆರೈಟಿ ಇದೆ, ಕಿರೀಟದ ಹತ್ರ ಸಿಲಿಂಡರ್‌ನಲ್ಲೇ ಆಗಿದ್ದ ಊನ. ಇಂಥದ್ದನ್ನ ಕಾನ್ಸ್ಟಂಟ್ ಫ್ಲಾ ಅಂತಾರೆ, ಯಾಕೆಂದ್ರೆ ಆ ಸಿಲಿಂಡರ್‌ನಿಂದ ಬಂದ ಹಾಳೇಲಿ ಅದೇ ಸಾಲಿನ ಅದೇ ಮನೇಲಿ ಅದು ಮತ್ತೆ ಮತ್ತೆ ಬರತ್ತೆ. ಮಸಿ ಚೆಲ್ಲಿ ಒಂದೇ ಒಂದು ಸ್ಟಾಂಪ್ ಮೇಲೆ ಮಚ್ಚೆ ಆಗಿದ್ರೆ ಅದು ಬೇರೆ, ಅದಕ್ಕೆ ಅಷ್ಟು ತಲೆ ಕೆಡಿಸ್ಕೋಬೇಕಾಗಿಲ್ಲ. ಹೊಸಬರು ಪ್ರತಿ ಮಚ್ಚೆಗೂ ವೆರೈಟಿ ವೆರೈಟಿ ಅಂತ ಕೂಗಾಡೋದು ನೋಡಿದೀನಿ, ಅದಕ್ಕೇ ಹೇಳ್ತಿದೀನಿ, ಅದೇ ಊನ ಇರೋ ಎರಡನೇ ಸ್ಟಾಂಪ್ ಸಿಗೋವರೆಗೂ ಕಾಯಿರಿ. ಹಾಳೆಯ ಅಂಚು ಅಂಟಿಕೊಂಡೇ ಇರೋ ಸ್ಟಾಂಪ್ ಸಿಕ್ರೆ ಹರಿಯಬೇಡಿ, ಸಿಲಿಂಡರ್ ನಂಬರ್ ಅಲ್ಲೇ ಇರೋದು, ಯಾವ ಸಾಲು ಅಂತ ಹೇಳೋಕೆ ಅದೇ ಸಾಕ್ಷಿ. ನಾಲ್ಕು ಸ್ಟಾಂಪ್ ಜೋಡಿ ಇರೋ ಬ್ಲಾಕ್‌ನ ಬಿಡಿಸಿ ಮಕ್ಕಳಿಗೆ ಹಂಚೋರನ್ನ ಕಂಡ್ರೆ ಹೊಟ್ಟೆ ಉರಿಯತ್ತೆ.

1951ರಲ್ಲಿ ದೆಹಲೀಲಿ ಮೊದಲ ಏಷ್ಯನ್ ಗೇಮ್ಸ್ ಆದಾಗ ನಮ್ಮ ಅಂಚೆ ಇಲಾಖೆ ಮಾರ್ಚ್ 4ಕ್ಕೆ, ಕೂಟ ಶುರುವಾದ ದಿನವೇ, 2 ಆಣೆ ಮತ್ತು 12 ಆಣೆಯ ಎರಡು ಸ್ಟಾಂಪ್ ಬಿಟ್ಟಿತ್ತು, ಪಂಜು ಮತ್ತು ಏಷ್ಯಾದ ನಕಾಶೆ. ಇದನ್ನ ಬರೀ ಬಳಸದ ಜೋಡಿಯಾಗಿ ಇಟ್ಕೊಂಡೋರು ತುಂಬಾ ಜನ. ಲಕೋಟೆ ಮೇಲೆ ಅಂಟಿಸಿ, ಆ ದಿನಗಳ ಮುದ್ರೆ ಬಿದ್ದು, ನಿಜವಾಗಿ ಪ್ರಯಾಣ ಮಾಡಿ ಬಂದಿರೋದು ಸಿಕ್ರೆ ನಾನು ಅದನ್ನೇ ಮೇಲು ಅಂತೀನಿ.

ಈಗ ಹೊಸ ಕಾಲಕ್ಕೆ ಬರೋಣ. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಆಸ್ಟ್ರೇಲಿಯಾ ಅಂಚೆಯವರು ತಮ್ಮ ದೇಶದವರು ಚಿನ್ನ ಗೆದ್ದ ಮರುದಿನವೇ ಅವರ ಫೋಟೋ ಇರೋ ಸ್ಟಾಂಪ್ ಮಾರಾಟಕ್ಕೆ ತಂದ್ರು. ಚಿನ್ನ 16, ಸ್ಟಾಂಪೂ 16. ಒಂದು ರಾತ್ರೀಲಿ ಅಷ್ಟು ದೊಡ್ಡ ದೇಶಕ್ಕೆಲ್ಲಾ ಒಂದೇ ಪ್ರೆಸ್‌ನಿಂದ ಅಚ್ಚು ಮಾಡಿ ಕಳಿಸೋಕೆ ಆಗಲ್ಲ, ಅದಕ್ಕೆ ಡಿಜಿಟಲ್ ಪ್ರಿಂಟಿಂಗ್ ಬಳಸಿ ಬೇರೆ ಬೇರೆ ನಗರಗಳಲ್ಲಿ ಅಚ್ಚು ಹಾಕಿಸಿದ್ರು. 2012ರಲ್ಲಿ ಲಂಡನ್‌ನವರೂ ಅದೇ ದಾರಿ ಹಿಡಿದ್ರು. ಬ್ರಿಟನ್‌ಗೆ ಆ ಸಲ 29 ಚಿನ್ನ, 29 ಸ್ಟಾಂಪ್. ಮೊದಲನೇದು ದೋಣಿ ಹುಟ್ಟು ಹಾಕಿ ಗೆದ್ದ ಹೆಲೆನ್ ಗ್ಲೋವರ್, ಹೀದರ್ ಸ್ಟಾನಿಂಗ್ ಇಬ್ಬರದ್ದು. ಆಟಿಲ್‌ಬರೋ, ಎಡಿನ್‌ಬರೋ, ಲಂಡನ್, ಪ್ರೆಸ್ಟನ್, ಸೊಲೆಂಟ್, ಸ್ವಿಂಡನ್, ಹೀಗೆ ಆರು ಕಡೆ ಡಿಜಿಟಲ್ ಅಚ್ಚು. ಸ್ಟಾಂಪ್ ಮಾತ್ರ ನೋಡಿದ್ರೆ ಎಲ್ಲಿ ಅಚ್ಚಾಯ್ತು ಅಂತ ಹೇಳೋಕಾಗಲ್ಲ, ಆದ್ರೆ ಹಾಳೆಯ ಅಂಚಿನಲ್ಲಿ ಊರಿನ ಗುರುತು ಇದೆ. ಅಂಚು ಕತ್ತರಿಸಿ ಬಿಸಾಕಿದೋರು ವೆರೈಟೀನೇ ಬಿಸಾಕಿದ ಹಾಗೆ.

29 ಸ್ಟಾಂಪ್, ಆರು ಊರು, ಅಂದ್ರೆ ಪೂರ್ತಿ ಬೇಕು ಅಂದೋರಿಗೆ 174 ಹಾಳೆ. ಇಷ್ಟೂ ಕೊಳ್ಳಬೇಕಾ? ನನ್ನ ಅಭಿಪ್ರಾಯ ಕೇಳಿದ್ರೆ ಬೇಡ. ಮರುದಿನವೇ ಜನರ ಕೈಗೆ ತಲುಪಿಸಬೇಕು ಅನ್ನೋ ಅವಸರದಿಂದ ಈ ಆರು ಗುರುತು ಹುಟ್ಟಿದ್ದು, ಹಾಗಾಗಿ ಇದು ಅಸಲಿ ವೆರೈಟಿನೇ. ಆದ್ರೆ ನಿಮಗೆ ಇಷ್ಟವಾದ ಒಂದು ಆಟ, ಒಬ್ಬ ಆಟಗಾರ, ಒಂದು ಸ್ಟಾಂಪ್ ಆರಿಸಿಕೊಂಡು ಅದರ ಆರೂ ಹಾಳೆ ಸೇರಿಸಿ, ಪಕ್ಕಪಕ್ಕ ಇಟ್ಟು ಬಣ್ಣದಲ್ಲಿ ಸೂಕ್ಷ್ಮ ವ್ಯತ್ಯಾಸ ಇದೆಯಾ, ಚಿತ್ರ ಕೂತಿರೋ ಜಾಗ ಒಂಚೂರು ಆಚೀಚೆ ಆಗಿದೆಯಾ ಅಂತ ಭೂತಗನ್ನಡಿ ಹಿಡಿದು ನೋಡಿ. 174 ಹಾಳೆ ಕೊಂಡು ಪೆಟ್ಟಿಗೆಗೆ ತುಂಬಿದೋರಿಗಿಂತ ಆರು ಹಾಳೆನ ಸರಿಯಾಗಿ ನೋಡಿದೋರಿಗೆ ಜಾಸ್ತಿ ಗೊತ್ತಾಗಿರತ್ತೆ. ಇನ್ನೊಂದು ಮಾತು, ಮೊದಲು ಅಲ್ಲಿಯ ಅಂಚೆಯವರು ಪ್ಯಾರಾಲಿಂಪಿಕ್ಸ್ ವಿಜೇತರಿಗೆ ಒಬ್ಬೊಬ್ಬರಿಗೂ ಸ್ಟಾಂಪ್ ಮಾಡಲ್ಲ ಅಂದಿದ್ರು, ಜನ ಇದು ಸರಿಯಲ್ಲ ಅಂತ ಗಲಾಟೆ ಮಾಡಿದ್ಮೇಲೆ ಮನಸ್ಸು ಬದಲಾಯಿಸಿ 34 ಚಿನ್ನಕ್ಕೆ 34 ಸ್ಟಾಂಪ್ ಮಾಡಿದ್ರು. ಆ 34 ಇಲ್ಲದ 2012ರ ಸಂಗ್ರಹ ನನ್ನ ಲೆಕ್ಕದಲ್ಲಿ ಅರ್ಧ ಸಂಗ್ರಹ.

ಅವಸರದ ಸ್ಟಾಂಪ್‌ಗೆ ಇನ್ನೊಂದು ತೊಂದರೆ ಇದೆ. 2004ರ ಅಥೆನ್ಸ್‌ನಲ್ಲಿ ಗ್ರೀಸ್ ಕೂಡ ತನ್ನ ಪದಕ ವಿಜೇತರ ಸ್ಟಾಂಪ್ ತಕ್ಷಣ ಬಿಡ್ತಿತ್ತು. ಒಬ್ಬ ವೇಟ್‌ಲಿಫ್ಟರ್ ಕಂಚು ಗೆದ್ದ, ಸ್ಟಾಂಪ್ ಬಂತು, ಆಮೇಲೆ ಡೋಪಿಂಗ್ ಪರೀಕ್ಷೇಲಿ ಸಿಕ್ಕಿಬಿದ್ದು ಪದಕ ಹೋಯ್ತು, ಅಂಚೆಯವರು ಆ ಸ್ಟಾಂಪ್ ವಾಪಸ್ ತಗೋಬೇಕಾಯ್ತು.

ವಾಪಸ್ ತಗೊಂಡಿದ್ದು ಅಂದಾಗ ಜರ್ಮನಿಯ ಪ್ರಸಂಗ ಹೇಳಲೇಬೇಕು. 1980ರ ಮಾಸ್ಕೊ ಒಲಿಂಪಿಕ್ಸ್‌ಗೆ ಪಶ್ಚಿಮ ಜರ್ಮನಿ 60 ಪ್ಲಸ್ 30 ಫೆನಿಗ್‌ನ (30 ದೇಣಿಗೆ ಲೆಕ್ಕದ್ದು) ಒಂದು ಸ್ಟಾಂಪ್ ರೆಡಿ ಮಾಡಿತ್ತು. ಸೋವಿಯತ್ ಸೇನೆ ಅಫ್ಘಾನಿಸ್ತಾನಕ್ಕೆ ನುಗ್ಗಿದ್ದಕ್ಕೆ ಹಲವು ದೇಶ ಕೂಟ ಬಹಿಷ್ಕರಿಸಿದ್ವು, ಪಶ್ಚಿಮ ಜರ್ಮನೀನೂ ಹೋಗಲಿಲ್ಲ, ಸ್ಟಾಂಪ್ ಬಿಡುಗಡೆ ಆಗದೆ ನಾಶ ಆಯ್ತು. ಆದ್ರೆ ಆಗಿನ ಅಂಚೆ ಮಂತ್ರಿ ಕುರ್ಟ್ ಗ್‌ಶೈಡ್ಲೆ ಹತ್ರ ಕೆಲವು ಪ್ರತಿ ಉಳಿದಿತ್ತು, ಅವರ ಹೆಂಡತಿ ಇದು ಮಾಮೂಲಿ ಸ್ಟಾಂಪ್ ಅಂದ್ಕೊಂಡು 1982, 1983ರ ಹೊತ್ತಿಗೆ ಅದನ್ನ ಕಾಗದಗಳಿಗೆ ಅಂಟಿಸಿ ಪೋಸ್ಟ್ ಮಾಡಿಬಿಟ್ರು. ಹಾಗೆ ಅಂಚೆ ಮುದ್ರೆ ಬಿದ್ದು ಆಚೆ ಬಂದ ಬೆರಳೆಣಿಕೆಯ ಸ್ಟಾಂಪ್‌ಗಳು ಇವತ್ತು ಜರ್ಮನಿಯ ಅತಿ ಅಪರೂಪದ ಸ್ಟಾಂಪ್‌ಗಳ ಪಟ್ಟೀಲಿವೆ. ಇದು ನಿಮ್ಮ ನಮ್ಮ ಕೈಗೆ ಸಿಗೋದಲ್ಲ, ಆದ್ರೆ ಒಂದು ಸ್ಟಾಂಪ್‌ನ ಬೆಲೆ ಎಲ್ಲಿಂದ ಬರತ್ತೆ ಅಂತ ತಿಳ್ಕೊಳ್ಳೋಕೆ ಇದಕ್ಕಿಂತ ಒಳ್ಳೆ ಉದಾಹರಣೆ ಇಲ್ಲ.

ಈಗ ಆ ಎರಡನೇ ಜಾತಿಗೆ ಬರ್ತೀನಿ, ನನಗೆ ಸಿಟ್ಟು ಬರೋದು ಇದರ ಬಗ್ಗೆ. 1960ರ, 70ರ ದಶಕದಲ್ಲಿ ಅಜ್ಮಾನ್, ಫುಜೈರಾ, ಉಮ್ ಅಲ್ ಕುವೈನ್ ಥರದ ಸಣ್ಣ ಕೊಲ್ಲಿ ಸಂಸ್ಥಾನಗಳ ಹೆಸರಲ್ಲಿ ಹೊರಗಿನ ಏಜೆಂಟರು ರಾಶಿ ರಾಶಿ ಸ್ಟಾಂಪ್ ಅಚ್ಚು ಹಾಕಿಸಿದ್ರು. ಟೋಕಿಯೊ, ಮೆಕ್ಸಿಕೊ, ಮ್ಯೂನಿಕ್ ಒಲಿಂಪಿಕ್ಸ್, ಫುಟ್‌ಬಾಲ್ ವರ್ಲ್ಡ್ ಕಪ್, ಒಂದನ್ನೂ ಬಿಡಲಿಲ್ಲ. ಮೊದಲು ತೂತಿರೋ ಸೆಟ್, ಆಮೇಲೆ ತೂತಿಲ್ಲದ ಸೆಟ್, ಆಮೇಲೆ ಮಿನಿಯೇಚರ್ ಶೀಟ್ ಅನ್ನೋ ಸಣ್ಣ ಹಾಳೆ, ಅದಕ್ಕೆ ಗೆದ್ದವರ ಹೆಸರು ಒತ್ತಿದ್ದು, ಚಿನ್ನದ ಬಣ್ಣದ ಹಾಳೆ ಮೇಲೆ ಅಚ್ಚಾಗಿದ್ದು, ಹೀಗೆ ಒಂದೇ ಚಿತ್ರಕ್ಕೆ ಐದಾರು ಅವತಾರ. ಇವುಗಳಲ್ಲಿ ಹೆಚ್ಚಿನವು ಆ ಊರಿನ ಅಂಚೆ ಕಚೇರಿಯ ಕೌಂಟರ್‌ನೇ ಕಂಡಿಲ್ಲ. ಬಳಸಿದ ಸ್ಟಾಂಪ್ ಅಂತ ಮಾರೋದನ್ನ ತಿರುಗಿಸಿ ಹಿಂಬದಿ ನೋಡಿ, ಅಂಟು ಹಾಗೇ ಇರತ್ತೆ, ಮುಂದೆ ಒಂದು ಮೂಲೇಲಿ ಮಾತ್ರ ಅಂದವಾಗಿ ಕಾಲು ವೃತ್ತದ ಮುದ್ರೆ, ಹಾಳೆಗೆ ಹಾಳೆನೇ ಒಟ್ಟಿಗೆ ಒತ್ತಿದ್ದು. ಕಾಗದದ ಜೊತೆ ಒಂದು ಹೆಜ್ಜೆ ಹೋಗಿಲ್ಲ. ಮಕ್ಕಳ ಮೊದಲ ಆಲ್ಬಮ್‌ನಲ್ಲಿ ಬಣ್ಣಬಣ್ಣವಾಗಿ ಚೆನ್ನಾಗಿ ಕಾಣತ್ತೆ, ಅದಕ್ಕೆ ನನ್ನ ತಕರಾರಿಲ್ಲ, ಆದ್ರೆ ಇಂಥಾ "ಇಂಪರ್ಫ್ ವೆರೈಟಿ"ನ, ಅಂದ್ರೆ ತೂತಿಲ್ಲದ್ದನ್ನ, ಅಪರೂಪದ್ದು ಅಂತ ಹೇಳಿ ಜಾಸ್ತಿ ದುಡ್ಡು ಕೇಳೋದು ಮೋಸ.

ಈಗಲೂ ಇದು ನಿಂತಿಲ್ಲ. ಯಾವುದೋ ದೇಶದ ಹೆಸರು ಹಾಕಿ, ಆ ದೇಶಕ್ಕೇ ಗೊತ್ತಿಲ್ಲದೆ ವರ್ಲ್ಡ್ ಕಪ್ ಸ್ಟಾಂಪ್ ಅಚ್ಚು ಹಾಕಿ ಆನ್‌ಲೈನ್‌ನಲ್ಲಿ ಮಾರೋರು ಇದಾರೆ. ಪರೀಕ್ಷೆ ಮಾಡೋಕೆ ಒಂದು ದಾರಿ ಇದೆ, ವಿಶ್ವ ಅಂಚೆ ಒಕ್ಕೂಟ 2002ರಿಂದ ಅಧಿಕೃತ ಸ್ಟಾಂಪ್‌ಗಳಿಗೆ ಒಂದೊಂದು ನಂಬರ್ ಕೊಟ್ಟು ಪಟ್ಟಿ ಇಟ್ಕೊಂಡಿದೆ, ಡಬ್ಲ್ಯೂಎನ್‌ಎಸ್ ಅಂತಾರೆ. ಎಲ್ಲಾ ದೇಶಗಳೂ ಅದರಲ್ಲಿ ಸೇರಿಲ್ಲ, ಆದ್ರೂ ಕೊಳ್ಳೋ ಮುಂಚೆ ಅಲ್ಲಿ ಒಂದ್ಸಲ, ಗಿಬ್ಬನ್ಸ್, ಸ್ಕಾಟ್, ಮಿಶೆಲ್ ಇವುಗಳಲ್ಲಿ ಒಂದು ಕ್ಯಾಟಲಾಗ್‌ನಲ್ಲಿ ಒಂದ್ಸಲ ನೋಡಿದ್ರೆ ಅರ್ಧ ಮೋಸ ತಪ್ಪತ್ತೆ. ಕ್ಯಾಟಲಾಗ್ ಹೊಸದೇ ಆಗಬೇಕು ಅಂತಿಲ್ಲ, ಬೆಲೆ ಹಳೇದಾಗಿರತ್ತೆ ಅಷ್ಟೇ, ವೆರೈಟಿಗಳ ವಿವರ ಬದಲಾಗಲ್ಲ, ಲೈಬ್ರರೀಲಿ ಸಿಕ್ರೂ ಸಾಕು.

ಶುರು ಮಾಡೋರಿಗೆ ಸಾಮಾನು ಏನೇನು ಬೇಕು ಅಂತ ಉದ್ದಕ್ಕೆ ಬರೆಯಲ್ಲ. ತುದಿ ಚೂಪಿಲ್ಲದ ಚಿಮಟ, ಹತ್ತು ಪಟ್ಟು ದೊಡ್ಡದಾಗಿ ತೋರಿಸೋ ಭೂತಗನ್ನಡಿ, ತೂತು ಅಳೆಯೋ ಪರ್ಫೊರೇಷನ್ ಗೇಜ್, ಇಷ್ಟಿದ್ರೆ ಕೆಲಸ ನಡೆಯತ್ತೆ. ಗೇಜ್‌ನಲ್ಲಿ 14 ಅಂತ ಬಂದ್ರೆ ಎರಡು ಸೆಂಟಿಮೀಟರ್ ಉದ್ದಕ್ಕೆ 14 ತೂತು ಅಂತ ಅರ್ಥ, ಅಗಲಕ್ಕೊಂದು ಲೆಕ್ಕ ಉದ್ದಕ್ಕೊಂದು ಲೆಕ್ಕ ಇರಬಹುದು, ಎರಡೂ ಕಡೆ ಅಳೀಬೇಕು. ಬೆರಳಲ್ಲಿ ಮುಟ್ಟಬೇಡಿ, ಬೆವರಿಗೆ ಅಂಟು ಕೆಡತ್ತೆ. ಲಕೋಟೆ ಮೇಲಿರೋ ಸ್ಟಾಂಪ್ ಸಿಕ್ಕಿದ ಕೂಡಲೇ ನೀರಿಗೆ ಹಾಕೋ ಅಭ್ಯಾಸ ಬಿಡಿ, ಮುದ್ರೆಯ ದಿನ, ಊರು, ಎಷ್ಟು ಬೆಲೆಯ ಅಂಚೆ ಅನ್ನೋದೆಲ್ಲಾ ಲಕೋಟೆ ಜೊತೆಗೇ ಇರೋದು. ಬೇರೆ ಮಾಡಿದ ಮೇಲೆ ಮತ್ತೆ ಜೋಡಿಸೋಕಾಗಲ್ಲ.

ಕೊನೇದಾಗಿ ನಿಮ್ಮಲ್ಲೇ ಎರಡು ಕೋರಿಕೆ. ಮುಂದಿನ ಕ್ರೀಡಾಕೂಟದ ಸ್ಟಾಂಪ್ ಸುದ್ದಿ ಹಾಕುವಾಗ ಚಿತ್ರವನ್ನ ತೂತುಗಳ ಒಳಗೆ ಕತ್ತರಿಸಿ ಹಾಕಬೇಡಿ, ಸುತ್ತಲ ತೂತು, ಸಾಧ್ಯ ಆದ್ರೆ ಹಾಳೆಯ ಅಂಚು ಸಮೇತ ಹಾಕಿ, ಅಚ್ಚಾಗಿದ್ದು ಎಲ್ಲಿ, ಯಾವ ವಿಧಾನದಲ್ಲಿ, ಎಷ್ಟು ಪ್ರತಿ ಅಂತ ಅಂಚೆಯವರು ಕೊಡೋ ಮಾಹಿತಿ ಹಾಳೇಲಿ ಇರತ್ತೆ, ಅದನ್ನೂ ಒಂದು ಸಾಲು ಸೇರಿಸಿ. ಮತ್ತೆ, ವಾರಕ್ಕೊಂದು ಸಲ ಕ್ರೀಡಾ ಪುಟದ ಮೂಲೇಲಿ ಒಂದು ಸ್ಟಾಂಪ್‌ಗೆ ಜಾಗ ಕೊಡಿ, ಒಂದೇ ಡಿಸೈನ್‌ನ ಎರಡು ವೆರೈಟಿ ಪಕ್ಕಪಕ್ಕ ಹಾಕಿ ವ್ಯತ್ಯಾಸ ಏನು ಅಂತ ಓದುಗರನ್ನೇ ಕೇಳಿ, ಮುಂದಿನ ವಾರ ಉತ್ತರ ಕೊಡಿ. ಬರೆದು ಕೊಡೋಕೆ ಹಿರಿಯ ಸಂಗ್ರಹಕಾರರು ಬೇಕಾದಷ್ಟು ಜನ ಇದಾರೆ, ಕೇಳಿದ್ರೆ ಯಾರೂ ಇಲ್ಲ ಅನ್ನಲ್ಲ. ಶುರು ಮಾಡೋದಾದ್ರೆ 1966ರ 4 ಪೆನ್ಸ್‌ನಿಂದಲೇ ಮಾಡಿ, ಸಾದಾ ಒಂದು, "ವಿನ್ನರ್ಸ್" ಅಂತ ಅಕ್ಷರ ಇರೋದು ಇನ್ನೊಂದು, ಪೇಪರ್‌ನಲ್ಲಿ ಅಚ್ಚು ಹಾಕಿದ್ರೂ ವ್ಯತ್ಯಾಸ ಎಲ್ಲರಿಗೂ ಕಾಣತ್ತೆ.

ಇಂತಿ,
ನಿಮ್ಮ ಪತ್ರಿಕೆಯ ಒಬ್ಬ ಓದುಗ